ಏಲಂ ಕೂಗುವವನ ಕಿವಿ

ಗಣೇಶೋತ್ಸವದ ಏಲಂ ಕೂಗುವವನಿಗೂ ಒಂದು ಪದವಿ ಉಂಟೆಂದು ನನಗೆ ತಿಳಿದದ್ದು ಲಯನ್ಸ್ ಕ್ಲಬ್ಬೊಂದರ ಆಮಂತ್ರಣ ಪತ್ರಿಕೆಯಿಂದ. ನನ್ನ ಹೆಸರಿನ ಕೆಳಗೆ 'ಸಂಪನ್ಮೂಲ ವ್ಯಕ್ತಿ' ಎಂದು ಅಚ್ಚಾಗಿತ್ತು. ವಿಷಯ: 'ಸೇವಾನಿಧಿಗಾಗಿ ಹರಾಜು: ಒಂದು ಚಿಂತನೆ'. ಕುಂಬಳಕಾಯಿ ಎತ್ತಿ ಹಿಡಿದು "ಐನೂರು ಒಂದು ಸರ್ತಿ, ಐನೂರು ಎರಡು ಸರ್ತಿ" ಎಂದು ಗಂಟಲು ಹರಿದುಕೊಳ್ಳುವುದರಲ್ಲಿ ಚಿಂತನೆ ಎಲ್ಲಿಂದ ಬಂತೋ! ಆದರೂ ಹೋದೆ. ಹೆಸರು ಅಚ್ಚಾದ ಮೇಲೆ ಒಲ್ಲೆ ಎನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಹಣ ಕೂಡಿಸಬೇಕಾದದ್ದು ಕಣ್ಣಿನ ಪೊರೆ ತೆಗೆಸುವ ಶಿಬಿರಕ್ಕೆ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಅಂಧರ ಕೈಹಿಡಿಯಿರಿ ಎಂದು ಕೇಳಿಕೊಂಡಂದಿನಿಂದ ಕಣ್ಣು ಇವರ ಖಾತೆ. ಸಭೆಯಲ್ಲಿ ಎಲ್ಲರೂ ಸಿಂಹಗಳೇ: ಲಯನ್ ಡಾಕ್ಟರು, ಲಯನ್ ವಕೀಲರು, ಅಡಿಕೆ ಮಂಡಿಯ ಲಯನ್ನು. ಅವರಲ್ಲೊಬ್ಬರು 'ಟೈಲ್ ಟ್ವಿಸ್ಟರ್', ಅಂದರೆ ಬಾಲ ತಿರುಚುವ ಅಧಿಕಾರಿ. ಬ್ಯಾಡ್ಜ್ ಮರೆತವರಿಗೆ ದಂಡ, ಮೊಬೈಲ್ ಬಡಿದುಕೊಂಡವರಿಗೆ ದಂಡ, ಹೊಸ ಕಾರು ಕೊಂಡ ತಪ್ಪಿಗೂ ದಂಡ. ಸಿಂಹಗಳು ನಗುನಗುತ್ತಾ ಪಾಕೀಟು ಬಿಚ್ಚಿದವು.

ನನ್ನ ಭಾಷಣಕ್ಕೆ ದೊಡ್ಡ ದೊಡ್ಡ ಅಂಕಿಗಳನ್ನು ಹೆಕ್ಕಿ ತಂದಿದ್ದೆ. ಹೈದರಾಬಾದಿನ ಬಾಳಾಪುರ ಗಣೇಶನ ಲಡ್ಡು 1994ರಲ್ಲಿ ಹೋದದ್ದು 450 ರೂಪಾಯಿಗೆ, 2024ರಲ್ಲಿ 30 ಲಕ್ಷ ದಾಟಿತು. ಅದೇ ವರ್ಷ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ವಿಶೇಷ ಮಕ್ಕಳ ನೆರವಿಗೆಂದು ನಡೆಸಿದ ಹರಾಜಿನಲ್ಲಿ ಕೊಹ್ಲಿಯ ಜೆರ್ಸಿ 40 ಲಕ್ಷಕ್ಕೆ ಹೋಯಿತು. "ಓಹೋ" ಎಂದರು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ತಮಗೆ ಬಂದ ಕಾಣಿಕೆಗಳನ್ನು ಅದೇ ವೇದಿಕೆಯಲ್ಲಿ ಹರಾಜಿಗೆ ಹಾಕುತ್ತಿದ್ದರು, ಸಹಿಗೂ ಐದು ರೂಪಾಯಿ ವಸೂಲು ಮಾಡುತ್ತಿದ್ದರು ಎಂದೆ. ಟೈಲ್ ಟ್ವಿಸ್ಟರು ಅದನ್ನು ಬರೆದುಕೊಂಡರು.

ಸಾಲದ್ದಕ್ಕೆ ಅರ್ಥಶಾಸ್ತ್ರವನ್ನೂ ಬಿಟ್ಟೆ. ಧರ್ಮದ ಹರಾಜಿನಲ್ಲಿ ಗೆದ್ದವನೊಬ್ಬನೇ ಕೊಟ್ಟರೆ ನಿಧಿ ಅಷ್ಟಕ್ಕಷ್ಟೇ. ಬೇರೆಯವನು ಎಷ್ಟು ಕೂಗಿದರೂ ದುಡ್ಡು ನಿಧಿಗೇ ಹೋಗುವಾಗ ನಾನೇಕೆ ಏರಿಸಲಿ ಎಂಬ ಸೋಮಾರಿತನ ಬರುತ್ತದೆ. ಅದರ ಬದಲು ಸೋತವರೂ ತಾವು ಕೂಗಿದಷ್ಟು ಕೊಡಬೇಕೆಂದರೆ ಹೆಚ್ಚು ಕೂಡುತ್ತದೆಂದು 2005ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಹೇಳುತ್ತಿದ್ದಂತೆ ನನಗೇ ಹೊಳೆಯಿತು: ಗೆಲ್ಲದೆಯೇ ಎಲ್ಲರೂ ಕೊಡುವ ವಿದ್ಯೆಯನ್ನು ಇವರು ಆಗಲೇ ದಂಡದ ಡಬ್ಬಿಯಲ್ಲಿ ಕರಗತ ಮಾಡಿಕೊಂಡಿದ್ದಾರೆ!

ಹೇಳಬೇಕೆಂದಿದ್ದುದು ಬೇರೆಯೇ. ನಾನು ಈ ಕಸುಬು ಕಲಿತದ್ದು ಚಿಕ್ಕಪ್ಪನಿಂದ. ಊರಿನ ಕಂಟ್ರಾಕ್ಟರು ಮಟ್ಟುಗುಳ್ಳ ಬದನೆಯ ಬುಟ್ಟಿಗೆ ಸಾವಿರ ಎಂದರೆ ಚಿಕ್ಕಪ್ಪನಿಗೆ ಎಲ್ಲಿಲ್ಲದ ಪುರುಸೊತ್ತು. "ಒಂದು ಸರ್ತಿ" ಎಂದವರು ಬೈರಾಸಿನಲ್ಲಿ ಬೆವರು ಒರೆಸುವರು, ಚೆಂಬಿನ ನೀರು ಕುಡಿಯುವರು, ಕಂಟ್ರಾಕ್ಟರರ ಭಾವನ ಕಡೆಗೊಮ್ಮೆ ನೋಡುವರು. ಭಾವ ಏರಿಸದೆ ಬಿಡುತ್ತಾನೆಯೇ? ಗೆದ್ದ ಬುಟ್ಟಿಯನ್ನು ಅವನೂ "ಪುನಃ ಇಡಿ" ಎಂದು ಮರಳಿ ಕೊಡುವನು. ಒಂದೇ ಗುಳ್ಳ ಮೂರು ಮನೆಗೆ ಮಾರಾಟವಾಗಿ ದೇವರ ಎದುರೇ ಉಳಿದದ್ದುಂಟು.

ಆದರೆ ಬೀಡಿ ಕಟ್ಟುವ ಅಕ್ಕನೊಬ್ಬರು ಪ್ರತಿವರ್ಷ ಗಣಪತಿಗಿಟ್ಟ ಕಬ್ಬಿಗೆ ಕೂಗುತ್ತಿದ್ದರು. ಸೆರಗಿನ ಗಂಟಿನಲ್ಲಿ ಎಷ್ಟಿದೆಯೋ ಅಷ್ಟು. "ಮೂವತ್ತು" ಎಂದದ್ದೇ ತಡ, ಚಿಕ್ಕಪ್ಪ ಒಂದು ಸರ್ತಿ ಎರಡು ಸರ್ತಿ ಮೂರು ಸರ್ತಿಯನ್ನು ಒಂದೇ ಉಸಿರಿಗೆ ಮುಗಿಸಿ ಕಬ್ಬನ್ನು ಅವರ ಕೈಗೆ ದಾಟಿಸಿಬಿಡುತ್ತಿದ್ದರು. ಹಿಂದಿನಿಂದ "ಐವತ್ತು" ಎಂದು ಅರಚಿದವನಿಗೆ, "ಎಂತದು? ಈ ಕಿವಿ ಸ್ವಲ್ಪ ಮಂದ ಮಾರಾಯಾ" ಎಂಬ ಸಮಾಧಾನ.

ಈಗ ಕೂಗುವವರಲ್ಲಿ ಅರ್ಧ ಜನ ಮುಂಬೈಯಲ್ಲಿ, ದುಬೈಯಲ್ಲಿ. "ಲೈನಿನಲ್ಲಿದ್ದಾರೆ, ಎರಡೂವರೆ ಸಾವಿರವಂತೆ" ಎಂದು ಯಾರೋ ಮೊಬೈಲ್ ಎತ್ತಿ ಹಿಡಿಯುತ್ತಾರೆ. ನಿಧಿ ಬೆಳೆದಿದೆ, ಸುಳ್ಳಲ್ಲ. ದುಬೈಯವರು ಗೆದ್ದ ಕಬ್ಬನ್ನು ಇಲ್ಲಿನ ಮಕ್ಕಳು ಜಗಿಯುತ್ತಾರೆ, ಅದೂ ಒಳ್ಳೆಯದೇ. ಆದರೆ ಯಾರ ಸೆರಗಿನಲ್ಲಿ ಎಷ್ಟಿದೆಯೆಂದು ಸ್ಪೀಕರ್ ಫೋನಿನಲ್ಲಿ ಕಾಣುವುದಿಲ್ಲ. ಇದನ್ನು ಯಾವ ಸ್ಲೈಡಿನಲ್ಲಿ ಹಾಕಲಿ?

ಪ್ರಶ್ನೋತ್ತರದಲ್ಲಿ ಬಂದ ಪ್ರಶ್ನೆ ಒಂದೇ: "80ಜಿ ಸಿಗ್ತದಾ ಸರ್?" ನಗದು 2,000 ರೂಪಾಯಿ ಮೀರಿದರೆ ಆ ತೆರಿಗೆ ರಿಯಾಯಿತಿ ಇಲ್ಲ ಎಂದು ಲಯನ್ ಆಡಿಟರು ನನ್ನ ಮಾನ ಉಳಿಸಿದರು.

ಆಮೇಲೆ ಶಾಲು, ಹಣ್ಣಿನ ಬುಟ್ಟಿ. ಗಾಂಧೀಜಿಯ ಸುದ್ದಿ ಎತ್ತಿದವನು ಬುಟ್ಟಿ ಹಿಡಿದು ಮನೆಗೆ ಹೋಗುವುದು ಹೇಗೆ? ಅಲ್ಲೇ ಏಲಂಗಿಟ್ಟೆ. ಮಂಡಿಯವರು ಸಾವಿರ ಎಂದರು. ಅಧ್ಯಕ್ಷರು ಸಾವಿರದ ಐನೂರು. ಹಿಂದಿನ ಸಾಲಿನಿಂದ ಹೆಂಗಸಿನ ದನಿ: "ಎರಡು ಸಾವಿರ!"

"ಅಮ್ಮಾ, ಸಾವಿರದೈನೂರು ಕೂಗಿದ್ದು ನಿಮ್ಮ ಯಜಮಾನ್ರೇ" ಎಂದೆ.

"ಗೊತ್ತುಂಟು. ಬಸಳೆಗೆ ಹತ್ತು ರೂಪಾಯಿ ಜಾಸ್ತಿ ಕೊಟ್ರೆ ನನ್ನ ಹತ್ರ ಲೆಕ್ಕ ಕೇಳ್ತಾರೆ. ಇವತ್ತು ಎಲ್ಲಿವರೆಗೆ ಹೋಗ್ತಾರೆ ನೋಡುವ."

"ಎರಡು ಸಾವಿರ, ಒಂದು ಸರ್ತಿ..." ಎಂದು ನಿಲ್ಲಿಸಿ, ಅಧ್ಯಕ್ಷರ ಕಡೆಗೊಮ್ಮೆ ನೋಡಿ, ನಿಧಾನವಾಗಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದೆ.