ಮೊದಲು ನೀನು ಎಳಿ

ನಾಸಿಕ್‌ನ ನಮ್ಮ ಸೊಸೈಟಿಯ ಮುಂದೆ ಸಣ್ಣದೊಂದು ಲಾನ್ ಇದೆ. ಅದರ ಹುಲ್ಲು ಕತ್ತರಿಸುವ ಮಿಷನ್ ಕೆಟ್ಟಾಗೆಲ್ಲ ಮಾಳಿಕಾಕಾ ನಮ್ಮ ಮನೆಯ ಬೆಲ್ ಒತ್ತುತ್ತಾರೆ. ಕಳೆದ ಸೆಪ್ಟೆಂಬರಿನ ಒಂದು ಭಾನುವಾರವೂ ಹಾಗೇ ಆಯಿತು. ಮಿಷನ್ ಹತ್ತು ನಿಮಿಷ ಓಡುತ್ತಿತ್ತು, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತು ನಿಮಿಷ. ‘ಹಳೇದಾಯ್ತು, ಇನ್ನು ತಿಂಗಳಿಗೆರಡು ಸಲ ಹೊರಗಿನವರನ್ನೇ ಕರೆಸೋಣ’ ಎಂದು ಕಮಿಟಿಯಲ್ಲಿ ಮಾತು ನಡೆದಿತ್ತು. ಹೊರಗಿನವರು ಬಂದರೆ ತನ್ನ ಪಗಾರ ಏನಾಗುತ್ತದೆ ಎಂದು ಕಾಕಾ ಬಾಯಿಬಿಟ್ಟು ಕೇಳಲಿಲ್ಲ. ಮಿಷನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಪಾನಾ ಮುಟ್ಟಲಿಲ್ಲ. ಮಿಷನ್ ನಿಲ್ಲುವ ಹೊತ್ತಿಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿದೆ. ‘ಸುಸ್’ ಎಂದು ಗಾಳಿ ಒಳಗೆ ಹೋಯಿತು, ಸಾಯಲಿದ್ದ ಎಂಜಿನ್ ಚೇತರಿಸಿಕೊಂಡಿತು. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲ್ ಇಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು. ಆ ತೂತಿಗೆ ಮಣ್ಣು ಮೆತ್ತಿಕೊಂಡರೆ ಟ್ಯಾಂಕ್ ತುಂಬಿದ್ದರೂ ಹನಿ ಕೆಳಗಿಳಿಯುವುದಿಲ್ಲ. ಪಿನ್ನಿನಿಂದ ಚುಚ್ಚಿ ಸ್ವಚ್ಛ ಮಾಡಿದೆ. ಅಷ್ಟೇ ಕೆಲಸ. ಕಾಕಾ ಚಹಾ ತರಲು ಓಡಿದರು. ನಾನು ಕೈ ಒರೆಸಿಕೊಳ್ಳುತ್ತಿರುವಾಗ ಊರಿಂದ ಅಪ್ಪಯ್ಯನ ಫೋನ್ ಬಂತು.

“ಮಿಷನ್ ಸುರುವೇ ಆಗ್ತಿಲ್ಲೆ ಮಾರಾಯ. ನಿನ್ನೆಯಿಂದ ಜಗ್ತಾ ಇದ್ದಿ.”

ಶಿರಸಿ ಸೀಮೆಯ ನಮ್ಮ ತೋಟದಲ್ಲಿ ಕಳೆ ಹೊಡೆಯುವ ಮಿಷನ್, ಅಂದರೆ ಬ್ರಷ್ ಕಟ್ಟರ್, ಬಂದಿದ್ದು 2017ರಲ್ಲಿ. ಹುಲ್ಲುಗತ್ತಿ ಹಿಡಿದು ಬರುವ ಆಳುಗಳು ಸಿಗದೇ ಹೋದ ಮೇಲೆ ಅಪ್ಪಯ್ಯ ಅದನ್ನು ಹೆಗಲಿಗೇರಿಸಿದ. ಅಡಿಕೆ ಕೊಯ್ಲಿನೊಳಗೆ ತೋಟದ ಕಳೆ ಹೊಡೆದು ಮುಗಿಸದಿದ್ದರೆ ಬಿದ್ದ ಅಡಿಕೆ ಹುಲ್ಲಲ್ಲೇ ಮಾಯ. ಅಪ್ಪಯ್ಯನಿಗೆ ಅವಸರವಿತ್ತು, ನನಗೆ ಹುಮ್ಮಸ್ಸಿತ್ತು. ಆಗಷ್ಟೇ ಒಂದು ಮಿಷನ್ ಗೆದ್ದವನು ನಾನು.

ಈ ವಿದ್ಯೆ ನನಗೆ ಬಂದ ದಾರಿಯೇ ಬೇರೆ. ಡಿಪ್ಲೊಮಾ ಮುಗಿಸಿ 2009ರಲ್ಲಿ ಔರಂಗಾಬಾದಿಗೆ ಬಂದೆ. ಇವತ್ತಿನ ಛತ್ರಪತಿ ಸಂಭಾಜಿನಗರ. ವಾಳೂಜಿನಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಟ್ರೈನಿ. ದೊಡ್ಡ ದೊಡ್ಡ ಸಿಎನ್‌ಸಿ ಮಿಷನ್ನುಗಳ ಕನಸು ಕಂಡಿದ್ದೆ. ಅವನ್ನೆಲ್ಲ ಹಿರಿಯರು ನೋಡಿಕೊಳ್ಳುತ್ತಿದ್ದರು. ನನಗೆ ಉಳಿದಿದ್ದು ಆಫೀಸಿನ ಮುಂದಿನ ಲಾನು, ಅದರ ಎರಡು ಹುಲ್ಲು ಮಿಷನ್ನು. ಅವು ಕೆಟ್ಟರೆ ಟೆಂಪೊದಲ್ಲಿ ಹಾಕಿಕೊಂಡು ಶಹಾಗಂಜಿನ ಗಡಿಯಾರ ಗೋಪುರದ ಹತ್ತಿರದ ಗಲ್ಲಿಗೆ ಒಯ್ಯಬೇಕು. ಅಲ್ಲಿ ಚಾಚಾನ ಅಂಗಡಿ. ಬಾವಿಯ ಸೀಮೆಎಣ್ಣೆ ಪಂಪು, ಔಷಧಿ ಹೊಡೆಯುವ ಪಂಪು, ಸಣ್ಣ ಜನರೇಟರು ಎಲ್ಲ ಅಲ್ಲಿ ಸಾಲಾಗಿ ಕೂತಿರುತ್ತಿದ್ದವು.

ಕನ್ನಡದವನು ಎಂದು ಗೊತ್ತಾದಾಗ ಚಾಚಾ ಡಬ್ಬಿಯಿಂದ ಹಳೇ ಪ್ಲಗ್ಗೊಂದನ್ನು ಎತ್ತಿ ತೋರಿಸಿದ್ದ. “ಮೈಕೋ. ತುಮ್ಹಾರೇ ಬೆಂಗ್ಲೋರ್ ಕಾ.” ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ. ಮುಂದೆ ನಾಸಿಕ್‌ನಲ್ಲೂ ಕಾರ್ಖಾನೆ ತೆರೆಯಿತು, 2008ರಲ್ಲಿ ಹೆಸರು ಬಾಷ್ ಎಂದಾಯಿತು. ಚಾಚಾನ ಬಾಯಲ್ಲಿ ಮಾತ್ರ ಅದು ಮೈಕೋ ಆಗಿಯೇ ಉಳಿದಿತ್ತು. ನಾನು ಶಿರಸಿಯವನು ಎಂದು ಎಷ್ಟು ಹೇಳಿದರೂ ಅವನ ಪಾಲಿಗೆ ಪ್ಲಗ್ಗಿನ ಊರಿನವನೇ.

ಚಾಚಾ ಹೇಳಿಕೊಟ್ಟಿದ್ದು ಒಂದು ಕ್ರಮ. ಎಂಜಿನ್ನಿಗೆ ಬೇಕಾದ್ದು ನಾಲ್ಕೇ: ಗಾಳಿ, ಪೆಟ್ರೋಲ್, ಕಿಡಿ, ಒತ್ತಡ. ಹುಡುಕುವಾಗ ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ಸ್ವಿಚ್ ಆನ್ ಇದೆಯೇ, ಚೋಕ್ ಎಲ್ಲಿದೆ, ಪೆಟ್ರೋಲ್ ಎಷ್ಟು ಹಳೆಯದು, ಗಾಳಿ ಸೋಸುವ ಸ್ಪಂಜಿನಲ್ಲಿ ಧೂಳೆಷ್ಟು. ಆಮೇಲೆ ಪ್ಲಗ್. ಪ್ಲಗ್ಗಿನ ತುದಿ ಎಂದರೆ ಎಂಜಿನ್ನಿನ ನಾಲಿಗೆ. ಕಂದುಬಣ್ಣವಿದ್ದರೆ ಆರೋಗ್ಯ, ಮಸಿ ಹಿಡಿದಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು, ಬೆಳ್ಳಗಾಗಿದ್ದರೆ ಕಾವು ಹೆಚ್ಚು. ಹಗ್ಗ ಎಳೆದೂ ಎಳೆದೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ, ತೊಯ್ದಿದ್ದರೆ ಬಂದ ಪೆಟ್ರೋಲ್ ಉರಿಯುತ್ತಿಲ್ಲ. ಕಾರ್ಬೊರೇಟರಿನ ಜೆಟ್ಟಿಗೆ ಕಸ ಕೂತರೆ ಉಕ್ಕಿನ ಸೂಜಿ ಹಾಕಬಾರದು, ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಎಳೆ ಸಾಕು. ಕಲ್ಲಿಗೆ ಬ್ಲೇಡ್ ಬಡಿದ ಮೇಲೆ ಸುರುವಾಗದಿದ್ದರೆ ಫ್ಲೈವೀಲಿನ ಸಣ್ಣ ಕೀಲಿ ತುಂಡಾಗಿರಬಹುದು, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತಿರುತ್ತದೆ.

ಇಷ್ಟೆಲ್ಲಕ್ಕಿಂತ ಮೊದಲು ಚಾಚಾ ಒಂದು ಕೆಲಸ ಮಾಡುತ್ತಿದ್ದ. ಮಿಷನ್ ತಂದವನು ಯಾರೇ ಇರಲಿ, “ಪೆಹಲೇ ತುಮ್ ಖೀಂಚೋ” ಎಂದು ಅವನ ಕೈಯಲ್ಲೇ ಹಗ್ಗ ಎಳೆಸುತ್ತಿದ್ದ. ಮೊದಲು ನೀನು ಎಳಿ. ತಾನು ಬೀಡಿ ಹಚ್ಚಿ ನೋಡುತ್ತಾ ಕೂರುತ್ತಿದ್ದ. ಸೋಮಾರಿ ಮುದುಕ ಎಂದುಕೊಳ್ಳುತ್ತಿದ್ದೆ. ಅವನು ಕಲಿಸಿದ ಕ್ರಮವನ್ನೆಲ್ಲ ನೆನಪಿಟ್ಟುಕೊಂಡೆ, ಅದೊಂದನ್ನು ಬಿಟ್ಟೆ.

ಅಪ್ಪಯ್ಯನ ಮಿಷನ್ನನ್ನು ಫೋನಿನಲ್ಲೇ ಪರೀಕ್ಷೆ ಮಾಡತೊಡಗಿದೆ. ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಬಂಕ್ ದೂರವೆಂದು ಅಪ್ಪಯ್ಯ ಮಳೆಗಾಲದ ಮೊದಲೇ ಕ್ಯಾನ್ ತುಂಬಿಸಿಡುತ್ತಾನೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಅದು ನೀರನ್ನು ಎಳೆದುಕೊಳ್ಳುವ ಜಾತಿ. ನೀರು ಹೆಚ್ಚಾದರೆ ಎಥೆನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಇಟ್ಟ ಕ್ಯಾನನ್ನು ನಂಬುವುದು ಹೇಗೆ? ಅದನ್ನು ಬಿಟ್ಟು ಹೊಸ ಪೆಟ್ರೋಲ್ ತರಿಸಿದೆ. ಟೂ ಸ್ಟ್ರೋಕ್ ಆದ್ದರಿಂದ ಲೀಟರಿಗೆ 20 ಮಿಲಿ ಎಣ್ಣೆ ಅಳತೆ ಮಾಡಿ ಹಾಕಿಸಿದೆ. ಆಗಲಿಲ್ಲ.

“ಪ್ಲಗ್ ಹೆಂಗಿದ್ದು?”

“ಹಸಿ ಇದ್ದು.”

ಹಾಗಾದರೆ ಪೆಟ್ರೋಲ್ ಬರುತ್ತಿದೆ. ಪ್ಲಗ್ ಬಿಚ್ಚಿ, ಪೆಟ್ರೋಲಿನಿಂದ ದೂರ ಹೋಗಿ, ಅದನ್ನು ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಲು ಹೇಳಿದೆ. ನೀಲಿ ಕಿಡಿ ಚಟ್ ಎಂದು ಹಾರಿತಂತೆ. ಕಿಡಿಯೂ ಇದೆ. ಉಳಿದಿದ್ದು ಒತ್ತಡ. ಪ್ಲಗ್ ಹಾಕಿ ಎಳೆದಾಗ ಹಗ್ಗ ಬಿಗಿ ಇದೆಯೋ ಸಡಿಲವೋ ಎಂದು ಕೇಳಿದೆ.

“ಬಿಗಿ ಅಂದ್ರೆ ಬಿಗಿ ಇದ್ದು.”

ಒತ್ತಡ ಚೆನ್ನಾಗಿದೆ ಎಂದು ಲೆಕ್ಕ ಹಾಕಿದೆ. ಎಲ್ಲ ಇದ್ದೂ ಪ್ಲಗ್ ತೋಯುತ್ತಿದೆ ಅಂದರೆ ಕಾರ್ಬೊರೇಟರ್ ಅಳತೆ ಮೀರಿ ಪೆಟ್ರೋಲ್ ಬಿಡುತ್ತಿದೆ ಎಂದು ತೀರ್ಮಾನಿಸಿ ಹೊಸ ಕಾರ್ಬೊರೇಟರನ್ನೇ ಆನ್‌ಲೈನಿನಲ್ಲಿ ಊರಿಗೆ ಕಳಿಸಿದೆ. ಅಪ್ಪಯ್ಯ ಮಿಷನ್ನನ್ನು ಪೇಟೆಯ ಮೆಕ್ಯಾನಿಕ್ಕನ ಹತ್ತಿರ ಒಯ್ದು ಹಾಕಿಸಿದ. ಅಲ್ಲಿ ಎರಡೇ ಎಳೆತಕ್ಕೆ ಸುರುವಾಯಿತಂತೆ. ಮನೆಗೆ ತಂದ ಮರುದಿನ ಮತ್ತೆ ಅದೇ ಕಥೆ. ಆ ಮೆಕ್ಯಾನಿಕ್ ಮೋಸ ಮಾಡಿದ್ದಾನೆ, ಹಳೆಯದನ್ನೇ ತೊಳೆದು ಹಾಕಿದ್ದಾನೆ ಎಂದು ಫೋನಿನಲ್ಲಿ ಕೂಗಾಡಿದೆ. ಅಪ್ಪಯ್ಯ ಏನೂ ಹೇಳಲಿಲ್ಲ. “ಬಿಡು, ಮಳೆ ಬಿಡ್ಲಿ” ಅಂದ.

ದೀಪಾವಳಿಗೆ ಊರಿಗೆ ಹೋದೆ. ಬೆಳಿಗ್ಗೆ ಆಸ್ರಿ ಕುಡಿದವನೇ ಕೊಟ್ಟಿಗೆಯ ಮಾಡಿನಲ್ಲಿದ್ದ ಮಿಷನ್ ಇಳಿಸಿಕೊಂಡು ಅಂಗಳದಲ್ಲಿ ಕೂತೆ. ಹಗ್ಗಕ್ಕೆ ಕೈ ಹಾಕುವವನಿದ್ದೆ, ಅದೇಕೋ ಶಹಾಗಂಜಿನ ಬೀಡಿ ಹೊಗೆ ನೆನಪಾಯಿತು. “ಅಪ್ಪಯ್ಯ, ಮೊದ್ಲು ನೀನು ಜಗ್ಗು ನೋಡನ” ಅಂದೆ.

ಅಪ್ಪಯ್ಯ ಬಗ್ಗಿದ. ಎಡಗೈಯಿಂದ ಮಿಷನ್ ಒತ್ತಿ ಹಿಡಿಯಬೇಕು, ಬಲಗೈಯಿಂದ ಎಳೆಯಬೇಕು. ಅವನ ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತುಹೋಯಿತು. ಹಗ್ಗ ಅರ್ಧವೂ ಬರಲಿಲ್ಲ. ಬಾವಿಯಿಂದ ಕೊಡ ಎಳೆಯುವ ಹಾಗೆ ನಿಧಾನ ಎಳೆದ. ಇನ್ನೊಮ್ಮೆ ಎಳೆಯುವಾಗ ಎಡಗೈ ಮಿಷನ್ ಬಿಟ್ಟು ಬಲ ಮೊಣಕೈಗೆ ಆಸರೆ ಕೊಟ್ಟಿತು.

ಆಯಿ ಬಾಗಿಲಲ್ಲಿ ನಿಂತಿದ್ದಳು. “ಆಷಾಢದಲ್ಲಿ ಸಂಕದ ಮೇಲೆ ಜಾರಿ ಬಿದ್ದಿದ್ದ. ನಿಂಗೆ ಹೇಳಡ ಹೇಳಿದ್ದ” ಅಂದಳು.

ಆಗ ಲೆಕ್ಕವೆಲ್ಲ ತಾನಾಗಿ ಕೂಡಿಕೊಂಡಿತು. ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಫ್ಲೈವೀಲಿನ ಅಯಸ್ಕಾಂತ ಕಾಯಿಲಿನ ಮುಂದೆ ವೇಗವಾಗಿ ಹಾದುಹೋದರೆ ಮಾತ್ರ ಗಟ್ಟಿ ಕಿಡಿ. ನಿಧಾನ ಎಳೆದರೆ ಕಿಡಿ ಸೋಲುತ್ತದೆ, ಬಂದ ಪೆಟ್ರೋಲ್ ಉರಿಯದೇ ಪ್ಲಗ್ಗನ್ನು ತೋಯಿಸುತ್ತದೆ. ಪ್ಲಗ್ ಬಿಚ್ಚಿ ನೋಡಿದಾಗ ಕಿಡಿ ಚೆನ್ನಾಗಿತ್ತು, ಯಾಕೆಂದರೆ ಆಗ ಒಳಗೆ ಒತ್ತಡವಿಲ್ಲ, ಹಗ್ಗ ಹಗುರ, ನೋಯುವ ಕೈಗೂ ಬರುತ್ತದೆ. ‘ಬಿಗಿ ಅಂದ್ರೆ ಬಿಗಿ’ ಅಂದಾಗ ಅಪ್ಪಯ್ಯ ಮಿಷನ್ನಿನ ಸುದ್ದಿ ಹೇಳಿರಲಿಲ್ಲ. ತನಗೆ ಆಗುವಷ್ಟನ್ನು ಹೇಳಿಯೇ ಇದ್ದ, ಕೇಳಿಸಿಕೊಂಡ ನಾನು ಎಂಜಿನ್ನಿನ ಖಾತೆಗೆ ಜಮಾ ಮಾಡಿಕೊಂಡೆ. ಪೇಟೆಯ ಮೆಕ್ಯಾನಿಕ್ ಎರಡು ಎಳೆತಕ್ಕೆ ಸುರು ಮಾಡಿದ್ದೂ ನಿಜವೇ. ಮರುದಿನ ಅವನ ಅಂಗಡಿಗೆ ಹೋಗಿ ಚಹಾ ಕುಡಿದು ಬಂದೆ. ಅವನ ಮೇಲೆ ನಾನು ಹೊರಿಸಿದ್ದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಶಿರಸಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಭುಜ ಜಡ್ಡುಗಟ್ಟಿದೆ, ತಿಂಗಳುಗಟ್ಟಲೆ ವ್ಯಾಯಾಮ ಬೇಕು ಅಂದರು. ಗೋಡೆಯ ಮೇಲೆ ಬೆರಳು ಹತ್ತಿಸುವುದು ಒಂದು, ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗ ಎಳೆಯುವುದು ಇನ್ನೊಂದು. “ಇಲ್ಲೂ ಹಗ್ಗವೇ” ಎಂದು ಅಪ್ಪಯ್ಯ ನಕ್ಕ. ಜಗುಲಿಯ ಬಾಗಿಲಿಗೆ ರಾಟೆ ಕಟ್ಟಿಕೊಟ್ಟು ನಾಸಿಕ್ಕಿಗೆ ಮರಳಿದೆ.

ಮಿಷನ್ ಹೊರುವುದನ್ನು ಬಿಡು ಎಂದರೆ ಕೇಳುವ ಜೀವವಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಪಕ್ಕದ ಮನೆಯ ಹುಡುಗ ಬಂದು ಹಗ್ಗ ಎಳೆದು ಸುರು ಮಾಡಿಕೊಟ್ಟು ಹೋಗುತ್ತಾನಂತೆ. ಮೊನ್ನೆ ಹತ್ತು ಗಂಟೆಗೆ ಫೋನ್ ಮಾಡಿದಾಗ ಹಿಂದುಗಡೆ ಎಂಜಿನ್ ಸಣ್ಣಗೆ ಟುರ್ರೆನ್ನುತ್ತಿತ್ತು. ಒಂದೇ ಹದ, ಎಲ್ಲೂ ತಪ್ಪಿಲ್ಲ. ಅಪ್ಪಯ್ಯ ಮಾತ್ರ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಪೆಟ್ರೋಲ್ ಸುಮ್ಮನೆ ಉರಿಯುತ್ತದೆ, ಚಹಾ ಕುಡಿಯುವಾಗಲಾದರೂ ನಿಲ್ಲಿಸು ಅಂದೆ.

“ನಿಲ್ಸಿದ್ರೆ ಮತ್ತೆ ಯಾರು ಸುರು ಮಾಡ್ತ?” ಅಂದ.

ಫೋನ್ ಕಿವಿಗಿಟ್ಟುಕೊಂಡು ಆ ಸದ್ದನ್ನು ಇನ್ನೂ ಸ್ವಲ್ಪ ಹೊತ್ತು ಕೇಳಿದೆ.