ನಾಲ್ಕು ಸಾವಿರ ಸಾಲುಗಳ ಕೋಟೆ

ಸಂಜೆಯ ಬಿಸಿಲು ಮಧುಗಿರಿಯ ಏಕಶಿಲಾಬೆಟ್ಟದ ನೆತ್ತಿಯಿಂದ ಜಾರಿ, ಊರಿನ ಹೆಂಚುಗಳ ಮೇಲೆ ನೆರಳು ಮೆಲ್ಲಗೆ ಹರಡಿಕೊಳ್ಳುವ ಹೊತ್ತಿಗೆ, ಹಗಲಿನ ಕೆಲಸವನ್ನೆಲ್ಲ ಮುಗಿಸಿ, ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು, ಜಗಲಿಯ ಮೇಲೆ ಕುಳಿತು ನಾನು ಓದುವ ಹೊತ್ತಗೆಯೊಂದುಂಟು. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಸೋರ್ಸ್ ಕೋಡನ್ನು ಮುದ್ರಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಹೊತ್ತಗೆ ಅದು. ಅದರ ಅಂಚುಗಳು ಪೆನ್ಸಿಲಿನ ಟಿಪ್ಪಣಿಗಳಿಂದ ಕಪ್ಪಾಗಿವೆ. ಕೆಲವು ಪುಟಗಳು ಮತ್ತೆ ಮತ್ತೆ ತಿರುವಿದ ಕಾರಣ ಮೆತ್ತಗಾಗಿವೆ. ಒಳ್ಳೆಯ ಗದ್ಯವನ್ನು ಓದುವಾಗ ಮನಸ್ಸಿಗಾಗುವ ತೃಪ್ತಿ ಇದನ್ನು ಓದುವಾಗಲೂ ನನಗೆ ಆಗುತ್ತದೆ.

ಈ ಅಭಿರುಚಿ ಹುಟ್ಟಿದುದು ಅಗತ್ಯದಿಂದ. ಶಿಕ್ಷಣ ಇಲಾಖೆಯವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವರು. ನಮ್ಮ ಕುಟುಂಬವೂ ಅದೇ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿದೆ. ಶಿರಾದಲ್ಲಿ ತಮ್ಮ, ಕೊರಟಗೆರೆಯಲ್ಲಿ ಅಕ್ಕ, ಪಾವಗಡದಲ್ಲಿ ಸೋದರಮಾವ. ತಂದೆಯವರ ಕಾಲದ ಪಹಣಿ, ಕ್ರಯಪತ್ರ, ಮದುವೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ನಮ್ಮ ಮನೆಯ ಕಂಪ್ಯೂಟರಿನಲ್ಲಿಟ್ಟು, ಪರರ ಕಣ್ಣಿಗೆ ಬೀಳದಂತೆ ನಾಲ್ಕು ಮನೆಯವರೂ ನೋಡುವ ಹಾಗಾಗಬೇಕೆಂಬುದು ನನ್ನ ಬಯಕೆಯಾಗಿತ್ತು. ಆದರೆ ಅನೇಕ ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರುವ ಈ ಕಾಲದಲ್ಲಿ, ಹೊರಗಿನಿಂದ ನೇರವಾಗಿ ಬಂದು ತಟ್ಟುವಂತಹ ಬಾಗಿಲು ನಮ್ಮ ಯಾರ ಮನೆಗೂ ಇರಲಿಲ್ಲ. ಆದುದರಿಂದ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಕ್ಕ ಒಂದು ಸಣ್ಣ ಸರ್ವರನ್ನು ನಡುವೆ ನಿಲ್ಲಿಸಿ, ವೈರ್‌ಗಾರ್ಡಿನ ಮೂಲಕ ನಾಲ್ಕು ಮನೆಗಳನ್ನೂ ಅದಕ್ಕೆ ಜೋಡಿಸಿದೆ. ನಾಲ್ಕು ಮನೆಗಳ ಯಂತ್ರಗಳೂ 25 ಸೆಕೆಂಡುಗಳಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ಟನ್ನು ಅದಕ್ಕೆ ಕಳುಹಿಸಿ, ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳುತ್ತವೆ.

ವೈರ್‌ಗಾರ್ಡನ್ನು ರಚಿಸಿದವನು ಜೇಸನ್ ಡೋನೆನ್‌ಫೆಲ್ಡ್. ಅದನ್ನು ವಿವರಿಸುವ ಪ್ರಬಂಧವು 2017ರಲ್ಲಿ ಪ್ರಕಟವಾಯಿತು; 2020ರ ಮಾರ್ಚ್ ತಿಂಗಳಲ್ಲಿ ಹೊರಬಂದ ಲಿನಕ್ಸ್ ಕರ್ನಲಿನ 5.6ನೆಯ ಆವೃತ್ತಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಗೂಢಲಿಪಿಯ ಗಣಿತವನ್ನು ಬಿಟ್ಟರೆ ಅದರ ಪ್ರಮಾಣ ಸುಮಾರು 4,000 ಸಾಲುಗಳು. ಅದೇ ಕಾರ್ಯವನ್ನು ಮಾಡುವ ಹಿಂದಿನ ವ್ಯವಸ್ಥೆಗಳನ್ನು ಅವುಗಳ ಪರಿಕರಗಳೊಡನೆ ಎಣಿಸಿದರೆ ಲೆಕ್ಕವು ಲಕ್ಷವನ್ನು ಮೀರುತ್ತದೆ. ಲಕ್ಷ ಸಾಲುಗಳನ್ನು ಒಬ್ಬನು ಆಮೂಲಾಗ್ರವಾಗಿ ಓದಲಾರ. ನಾಲ್ಕು ಸಾವಿರ ಸಾಲುಗಳನ್ನು, ಸಮಾಧಾನವುಳ್ಳವನಾದರೆ, ಒಂದು ಮಳೆಗಾಲದಲ್ಲಿ ಓದಿ ಮುಗಿಸಬಲ್ಲ. ಡಿವೈಸ್, ಪೀರ್, ನಾಯ್ಸ್, ಕುಕಿ, ಅಲೌಡ್‌ಐಪೀಸ್, ಸೆಂಡ್, ರಿಸೀವ್, ಟೈಮರ್ಸ್ ಎಂದು ಅದರ ಕಡತಗಳ ಹೆಸರುಗಳೇ ಒಂದು ಸುಸಂಬದ್ಧ ಗ್ರಂಥದ ಅಧ್ಯಾಯಗಳಂತೆ ಇವೆ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಅಲೌಡ್‌ಐಪೀಸ್. ಇಡೀ ಶಿಲ್ಪದ ಮೂಲಸೂತ್ರ ಅಲ್ಲಿದೆ. ಪ್ರತಿಯೊಂದು ಯಂತ್ರಕ್ಕೂ ತನ್ನಲ್ಲೇ ಗುಪ್ತವಾಗಿಟ್ಟುಕೊಳ್ಳುವ ಒಂದು ಪ್ರೈವೇಟ್ ಕೀ, ಇತರರಿಗೆ ಕೊಡತಕ್ಕ ಒಂದು ಪಬ್ಲಿಕ್ ಕೀ ಇರುವುವು. ಈ ಪಬ್ಲಿಕ್ ಕೀ 32 ಬೈಟುಗಳದು, ಬರೆದರೆ 44 ಅಕ್ಷರ. ಯಾವ ಕೀಗೆ ಯಾವ ಒಳವಿಳಾಸ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತೇವೆ: 10.8.0.2 ಶಿರಾದ ತಮ್ಮನದು, 10.8.0.3 ಕೊರಟಗೆರೆಯ ಅಕ್ಕನದು, 10.8.0.4 ಪಾವಗಡದ ಮಾವನದು. ಪ್ಯಾಕೆಟ್ಟು ಹೊರಡುವಾಗ, ಅದು ಸೇರಬೇಕಾದ ವಿಳಾಸವನ್ನು ನೋಡಿ ಯಾರ ಕೀಯಿಂದ ಅದನ್ನು ಗೂಢಗೊಳಿಸಬೇಕೆಂಬುದನ್ನು ಈ ಪಟ್ಟಿ ಹೇಳುತ್ತದೆ. ಪ್ಯಾಕೆಟ್ಟು ಒಳಬರುವಾಗಲೂ ಅದೇ ಪಟ್ಟಿ ಪ್ರಮಾಣ. ಅಕ್ಕನ ಕೀಯಿಂದ ಬಿಚ್ಚಿದ ಪ್ಯಾಕೆಟ್ಟಿನೊಳಗೆ ಕಳುಹಿಸಿದವರ ವಿಳಾಸ ಮಾವನದೆಂದು ಬರೆದಿದ್ದರೆ ಅದನ್ನು ಅಲ್ಲಿಯೇ ಎಸೆಯಲಾಗುತ್ತದೆ. ಹೋಗುವುದಕ್ಕೆ ದಾರಿ ತೋರುವ ಕೈಮರವೇ ಬರುವವರ ಗುರುತು ನೋಡುವ ಕಾವಲುಗಾರನೂ ಆಗಿರುವ ಈ ಯುಕ್ತಿಯನ್ನು ಮೊದಲ ಸಲ ಗ್ರಹಿಸಿದ ದಿನ, ಹೊತ್ತಗೆಯನ್ನು ಮುಚ್ಚಿಟ್ಟು ಬಹಳ ಹೊತ್ತು ಬೆಟ್ಟವನ್ನೇ ನೋಡುತ್ತ ಕುಳಿತಿದ್ದೆ.

ಸೆಂಡ್ ಮತ್ತು ರಿಸೀವ್ ಕಡತಗಳ ಸೊಗಸು ಬೇರೊಂದು ಬಗೆಯದು. ಇಂದಿನ ಕಂಪ್ಯೂಟರಿನಲ್ಲಿ ನಾಲ್ಕೆಂಟು ಕೋರ್‌ಗಳಿರುವುದರಿಂದ, ಗೂಢಗೊಳಿಸುವ ಕೆಲಸವನ್ನು ಅವೆಲ್ಲವೂ ಏಕಕಾಲದಲ್ಲಿ ಮಾಡಿದರೆ ವೇಗ ಹೆಚ್ಚುವುದು. ಆದರೆ ಪ್ಯಾಕೆಟ್ಟುಗಳು ಬಂದ ಕ್ರಮದಲ್ಲಿಯೇ ಹೊರಹೋಗದಿದ್ದರೆ ಆಚೆಯವರಿಗೆ ತೊಂದರೆ. ಶಿರಾ ಕಡೆಯಲ್ಲಿ ಹುಣಸೆಹಣ್ಣು ಬಿಡಿಸುವುದನ್ನು ಕಂಡವರಿಗೆ ಇದರ ಪರಿಹಾರ ಕೂಡಲೆ ತಿಳಿಯುತ್ತದೆ. ಹೆಂಗಸರು ಸಾಲಾಗಿ ಕುಳಿತು, ತಮ್ಮ ಪಾಲಿಗೆ ಬಂದ ಬುಟ್ಟಿಯ ಹಣ್ಣನ್ನು ಕುಟ್ಟಿ, ಸಿಪ್ಪೆ ನಾರು ಬೀಜಗಳನ್ನು ತೆಗೆಯುತ್ತಾರೆ. ಒಬ್ಬಳ ಕೈ ಚುರುಕು, ಇನ್ನೊಬ್ಬಳದು ನಿಧಾನ. ಆದರೆ ತಕ್ಕಡಿಯ ಮುಂದೆ ಬುಟ್ಟಿಗಳನ್ನು ಇಟ್ಟ ಸಾಲು ಕದಲದಿದ್ದರೆ, ಯಾರು ಮೊದಲು ಮುಗಿಸಿದರೂ ತೂಕ ನಡೆಯುವುದು ಸಾಲಿನಂತೆಯೇ. ವೈರ್‌ಗಾರ್ಡೂ ಹಾಗೆಯೇ ಪ್ರತಿಯೊಂದು ಪ್ಯಾಕೆಟ್ ಗುಂಪನ್ನೂ ಎರಡು ಸರತಿಗಳಲ್ಲಿ ಏಕಕಾಲಕ್ಕೆ ನಿಲ್ಲಿಸುತ್ತದೆ. ಒಂದು, ಎಲ್ಲ ಕೋರ್‌ಗಳೂ ಕೈಹಾಕಬಹುದಾದ ಕೆಲಸದ ಸರತಿ. ಇನ್ನೊಂದು, ಆಯಾ ಬಂಧುವಿಗೆ ಮೀಸಲಾದ ಕ್ರಮದ ಸರತಿ. ಕ್ರಮದ ಸರತಿಯ ತಲೆಯಲ್ಲಿರುವ ಗುಂಪಿಗೆ ‘ಕೆಲಸ ಮುಗಿದಿದೆ’ ಎಂಬ ಗುರುತು ಬೀಳುವವರೆಗೆ ಹಿಂದಿನದು ಮುಂದಕ್ಕೆ ಹೋಗದು.

ಇನ್ನು ಬಾಗಿಲಿನ ವಿಚಾರ. ನಮ್ಮ ಬೆಟ್ಟದ ಕೋಟೆಯನ್ನು ಹತ್ತುವವನು ಒಂದೊಂದೇ ಬಾಗಿಲನ್ನು ದಾಟಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಏರಿ ಮೇಲಕ್ಕೆ ಹೋಗಬೇಕು. ಬುಡದ ಬಾಗಿಲಿನಲ್ಲಿ ತಡೆಯಬಹುದಾದವನಿಗಾಗಿ ನೆತ್ತಿಯ ಕಾವಲುಗಾರನು ಎದ್ದು ನಿಲ್ಲಬೇಕಾಗಿಲ್ಲ. ಇಲ್ಲಿಯೂ ಅಂತಹುದೇ ಕ್ರಮ. ಬಂದ ಪ್ಯಾಕೆಟ್ಟಿನ ಜಾತಿ ಯಾವುದು, ಉದ್ದ ಸರಿಯೇ ಎಂಬುದನ್ನು ಮೊದಲು ನೋಡುವುದು. ಸಂಪರ್ಕವನ್ನು ಕೋರುವ ಮೊದಲ ಸಂದೇಶ 148 ಬೈಟುಗಳು, ಅದಕ್ಕೆ ಕೊಡುವ ಉತ್ತರ 92. ಎರಡನೆಯದಾಗಿ, ಒಡೆಯನ ಪಬ್ಲಿಕ್ ಕೀಯನ್ನು ಮೊದಲೇ ಬಲ್ಲವನು ಮಾತ್ರ ಒತ್ತಬಲ್ಲ 16 ಬೈಟುಗಳ ಮುದ್ರೆಯೊಂದನ್ನು ಪರೀಕ್ಷಿಸುವುದು. ಇವೆರಡೂ ಅಲ್ಪ ಶ್ರಮದ ಕಾರ್ಯಗಳು. ಇವುಗಳನ್ನು ದಾಟಿದ ಮೇಲೆಯೇ ಕರ್ವ್25519 ಎಂಬ ಶ್ರಮದ ಗಣಿತಕ್ಕೆ ಕೈಹಾಕುವುದು. ಎಲ್ಲಿಯಾದರೂ ತಪ್ಪು ಕಂಡುಬಂದರೆ ‘ನೀನು ಯಾರು’ ಎಂದು ಕೇಳುವುದಿಲ್ಲ, ‘ಹೋಗು’ ಎಂದೂ ಹೇಳುವುದಿಲ್ಲ, ಮೌನವೇ ಉತ್ತರ. ಒಳಬಂದವರಿಗೂ ಶಾಶ್ವತ ಸಲಿಗೆಯಿಲ್ಲ: ಮಾತುಕತೆ ನಡೆಯುತ್ತಿದ್ದರೆ 120 ಸೆಕೆಂಡುಗಳಿಗೊಮ್ಮೆ ಹೊಸ ಕೀಗಳು ಹುಟ್ಟಬೇಕು, 180 ಸೆಕೆಂಡು ಮೀರಿದ ಕೀ ನಿರುಪಯುಕ್ತ.

ಈ ಮೌನದ ಅರ್ಥವನ್ನು ನನಗೆ ಕಲಿಸಿದುದು ಪಾವಗಡ. ಮಾವನ ಮನೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಸಂಪರ್ಕ ಕಡಿದು, ಅರ್ಧ ಮುಕ್ಕಾಲು ಗಂಟೆಯ ಬಳಿಕ ತಾನಾಗಿಯೇ ಸರಿಹೋಗುತ್ತಿತ್ತು. ‘ಕರೆಂಟ್ ಬಂದು ಎಷ್ಟೊತ್ತಾಯ್ತಪ್ಪ, ಇನ್ನೂ ಏನೂ ತೆರೀತಿಲ್ಲ, ಸುಮ್ನೆ ಬಿಟ್ರೆ ಆಮೇಲೆ ಅದೇ ಬರ್ತದೆ’ ಎಂದು ಮಾವ ಫೋನಿನಲ್ಲಿ ಹೇಳುವರು. ನಾಲ್ಕು ವಾರ ತಂತಿಗಳನ್ನೂ ರೂಟರನ್ನೂ ಶಂಕಿಸಿದ ಮೇಲೆ, ಉತ್ತರವು ನಾಯ್ಸ್ ಕಡತದಲ್ಲಿಯೇ ದೊರಕಿತು. ಸಂಪರ್ಕ ಕೋರುವ ಸಂದೇಶದಲ್ಲಿ ಕಾಲಮುದ್ರೆಯೊಂದು ಇರುತ್ತದೆ. ಈ ಹಿಂದೆ ಕಂಡ ಕಾಲಕ್ಕಿಂತ ಅದು ಮುಂದಿನದಾಗಿರದಿದ್ದರೆ, ಯಾರೋ ಹಳೆಯ ಸಂದೇಶವನ್ನು ಕದ್ದು ಮತ್ತೆ ಕಳುಹಿಸಿದ್ದಾರೆಂದು ಭಾವಿಸಿ ಅದನ್ನು ತಳ್ಳಿಹಾಕಲಾಗುತ್ತದೆ. ಮಾವನ ಮನೆಯಲ್ಲಿದ್ದುದು ಬ್ಯಾಟರಿಯ ಗಡಿಯಾರವಿಲ್ಲದ ರಾಸ್ಪ್‌ಬೆರಿ ಪೈ. ಗಂಟೆಗೊಮ್ಮೆ ಬರೆದಿಟ್ಟುಕೊಂಡ ಹೊತ್ತಿನಿಂದಲೇ ಅದು ಮತ್ತೆ ಎಣಿಕೆ ಆರಂಭಿಸುತ್ತಿತ್ತು. ಸರಿಯಾದ ಸಮಯವನ್ನು ಕೇಳಿ ತಿಳಿಯೋಣವೆಂದರೆ, ಅದರ ಸಂಚಾರವೆಲ್ಲವೂ ವಿಪಿಎನ್ ಮೂಲಕವೇ ಹೋಗಲೆಂದು ನಾನೇ ಬರೆದಿದ್ದೆ. ಗಡಿಯಾರವು ಸಂಪರ್ಕಕ್ಕಾಗಿಯೂ ಸಂಪರ್ಕವು ಗಡಿಯಾರಕ್ಕಾಗಿಯೂ ಕಾಯುತ್ತ, ಹಿಂದುಳಿದ ಹೊತ್ತು ಕಡೆಗೆ ಹಳೆಯ ಕಾಲಮುದ್ರೆಯನ್ನು ದಾಟಿದಾಗ ಬಾಗಿಲು ತೆರೆಯುತ್ತಿತ್ತು. ಮರುದಿನವೇ ಪಾವಗಡದ ಬಸ್ಸು ಹತ್ತಿ, ಸಣ್ಣದೊಂದು ಗಡಿಯಾರದ ಮಾಡ್ಯೂಲನ್ನು ಅದಕ್ಕೆ ಜೋಡಿಸಿ ಬಂದೆ. ಅಂದಿನಿಂದ ಮಾವನ ಫೋನು ಕುಶಲ ಕೇಳುವುದಕ್ಕೆ ಮಾತ್ರ ಬರುತ್ತದೆ.

ಆ ನಾಲ್ಕು ವಾರಗಳ ಗೊಂದಲಕ್ಕೆ ತಂತ್ರಾಂಶದ ದೋಷ ಕಾರಣವಾಗಿರಲಿಲ್ಲ. ಅದು ತನ್ನ ನಿಯಮವನ್ನು ಅಕ್ಷರಶಃ ಪಾಲಿಸುತ್ತಿತ್ತು, ಮತ್ತು ಆ ನಿಯಮ ಬರಹದಲ್ಲಿ ಬಹಿರಂಗವಾಗಿಯೇ ಇತ್ತು. ‘ಅತ್ಯಂತ ಸುರಕ್ಷಿತ’ ಎಂದು ಸಾರುವ ಜಾಹೀರಾತಿನ ಮೇಲೆ ನನಗೆ ನಂಬಿಕೆ ಹುಟ್ಟದು. ಒಡೆಯನಾರು, ಕಾವಲು ಎಲ್ಲಿ, ತಪ್ಪಿದವನನ್ನು ಏನು ಮಾಡುವರು ಎಂಬುದನ್ನೆಲ್ಲ ನಾನೇ ಓದಿ ತಿಳಿಯಬಹುದಾದ ಈ ನಾಲ್ಕು ಸಾವಿರ ಸಾಲುಗಳ ಮೇಲೆ ಹುಟ್ಟಿದೆ. ಓದಿ ಮುಗಿಸಬಲ್ಲಷ್ಟು ಚಿಕ್ಕದಾಗಿ ಬರೆಯುವುದೇ ಬರೆದವನು ಓದುಗನಿಗೆ ಸಲ್ಲಿಸುವ ಗೌರವ.

ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಅಭ್ಯಾಸಮಾಡುತ್ತಿರುವ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ಈ ಕೋಡನ್ನು ಓದಲು ಯಾರ ಅನುಮತಿಯೂ ಬೇಡ, ಹಣವೂ ಬೇಡ. ಲಿನಕ್ಸ್ ಕರ್ನಲಿನೊಳಗೆ ಎಲ್ಲರಿಗೂ ತೆರೆದಿದೆ. ಅಲೌಡ್‌ಐಪೀಸ್ ಕಡತದಿಂದ ಆರಂಭಿಸಿರಿ, ಕೈಯಲ್ಲೊಂದು ಪೆನ್ಸಿಲಿರಲಿ, ದಿನಕ್ಕೆ ಎರಡು ಪುಟ ಸಾಕು. ಅರ್ಥವಾಗದ ಕಡೆ ಯಾರಾದರೂ ಜೊತೆಗೆ ಬೇಕೆನಿಸಿದರೆ, ಸಂಜೆಯ ಹೊತ್ತಿಗೆ ಮಧುಗಿರಿಗೆ ಬನ್ನಿ. ಜಗಲಿಯಲ್ಲಿ ಸ್ಥಳವಿದೆ.