ಬಚ್ಚಲ ಗೋಡೆಯ ಗೀಸರ್

9 ನವೆಂಬರ್ 2025, ಭಾನುವಾರ

ಗ್ಯಾಸ್ ಗೀಸರ್ ಇವತ್ತೂ ಕೈಕೊಟ್ಟಿತು. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಭಗ್ಗನೆ ಹತ್ತಿಕೊಳ್ಳುತ್ತದೆ, ಅರ್ಧ ಬಕೆಟ್ ತುಂಬುವಷ್ಟರಲ್ಲಿ ಆರಿಹೋಗುತ್ತದೆ. ಸೆಲ್ಲು ಹೊಸದು, ಸಿಲಿಂಡರ್ ತುಂಬಿದೆ. ಇವರು ತಲೆಗೆ ಸೋಪು ಹಚ್ಚಿಕೊಂಡು ಒಳಗಿನಿಂದ ಕೂಗಿದ್ದೇ ಕೂಗಿದ್ದು. ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ, "ಹಂಡೆ ಯಾವತ್ತಾದ್ರೂ ಹಿಂಗೆ ಅರ್ಧಕ್ಕೇ ಕೈಬಿಟ್ಟಿತ್ತೇನವ್ವ?" ಅಂದರು. ಉತ್ತರ ಕೊಡಲಿಲ್ಲ. ಕೊಟ್ಟರೆ ಮಾತು ಬೆಳೆಯುತ್ತದೆ.

11 ನವೆಂಬರ್, ಮಂಗಳವಾರ

ಶಿರಾದಿಂದ ರಿಪೇರಿ ಹುಡುಗ ಬಂದಿದ್ದ. ಡಬ್ಬಿ ಬಿಚ್ಚಿ ತೋರಿಸಿದ. ನೀರು ಒಳಬರುವ ಕಡೆಯ ಜಾಲರಿಯಲ್ಲಿ ಬಿಳಿ ಹರಳು, ತಾಮ್ರದ ಸುರುಳಿಯೊಳಗೆ ಬಿಳಿ ಪೊರೆ. ನೀರಿನ ಒತ್ತಡಕ್ಕೆ ಉಬ್ಬಿ ಗ್ಯಾಸಿನ ಬಾಯಿ ತೆರೆಯಬೇಕಾದ ರಬ್ಬರ್ ಹಾಳೆ ಒಣಗಿ ಬಿರುಸಾಗಿದೆ. ದಾರಿ ಕಟ್ಟಿಕೊಂಡು ಒತ್ತಡ ಕಮ್ಮಿಯಾದರೆ ರಬ್ಬರ್ ಉಬ್ಬುವುದಿಲ್ಲ, ಗ್ಯಾಸು ನಿಲ್ಲುತ್ತದೆ. ಆರಿಹೋಗುವುದಕ್ಕೆ ಇಷ್ಟೇ ಕಾರಣ.

"ಹೊಸದೇ ತಗೊಳ್ಳಿ ಮೇಡಂ. ನಿಮ್ಮೂರ ನೀರಿಗೆ ಯಾವ ಗೀಸರ್ ತಡೆಯುತ್ತೆ?" ಅಂದ. ಯಾವುದೂ ತಡೆಯದಿದ್ದರೆ ಹೊಸದು ಯಾಕಪ್ಪ ಅಂದೆ. ನಕ್ಕ. ರಿಪೇರಿಗೆ ಸಾವಿರದೊಳಗೆ, ಹೊಸದಕ್ಕೆ ಐದಾರು ಸಾವಿರ. ಯೋಚಿಸಿ ಫೋನ್ ಮಾಡುತ್ತೇನೆಂದು ಕಳಿಸಿದೆ.

ಹೋಗುವ ಮುಂಚೆ ಬರ್ನರ್ ಒರೆಸಿದ ಬಟ್ಟೆ ತೋರಿಸಿದ. ಕಾಡಿಗೆಯಂತೆ ಮಸಿ. ಹೊರಗಿಟ್ಟು ಹಚ್ಚಿದಾಗ ಉರಿಯ ತುದಿ ನೀಲಿ ಇರಲಿಲ್ಲ, ಹಳದಿ. ಅವನಿಗೆ ಅದು ದೊಡ್ಡದಲ್ಲ. ನನಗೆ ಅದೇ ತಲೆಯಲ್ಲಿ ಕೂತಿದೆ.

12 ನವೆಂಬರ್, ಬುಧವಾರ

ಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಮಾಡುವ ಗಡಸು ನೀರಿನ ಪಾಠಕ್ಕೆ ಮನೆಯಿಂದಲೇ ಸಾಮಗ್ರಿ ಸಿಕ್ಕಿತು. ಜಾಲರಿಯ ಹರಳಿಗೆ ನಿಂಬೆರಸ ಹಿಂಡಿದೆ, ಬುಸಬುಸ ಗುಳ್ಳೆ ಎದ್ದಿತು. ಬೋರ್‌ವೆಲ್ ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಅಂಟಿಕೊಳ್ಳುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಶಿರಾ, ಪಾವಗಡದವರಿಗೆ ಫ್ಲೋರೈಡಿನ ಚಿಂತೆ ದೊಡ್ಡದು, ಅದಕ್ಕೇ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು. ಸ್ನಾನಕ್ಕೆ ಕ್ಯಾನ್ ನೀರು ತರುವವರು ಯಾರು? ಗೀಸರ್ ಕುಡಿಯುವುದು ಬೋರಿನದನ್ನೇ.

14 ನವೆಂಬರ್, ಶುಕ್ರವಾರ

ರಾತ್ರಿ ಲೆಕ್ಕ ಹಾಕಿದೆ. 20 ಲೀಟರ್ ನೀರನ್ನು 20 ಡಿಗ್ರಿ ಏರಿಸಲು 400 ಕಿಲೋಕ್ಯಾಲರಿ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000. ಐದರಲ್ಲೊಂದು ಪಾಲು ದಂಡವಾಯಿತು ಎಂದುಕೊಂಡರೂ ಬಕೆಟ್ಟಿಗೆ 45 ಗ್ರಾಂ. 14.2 ಕಿಲೋ ಸಿಲಿಂಡರಿಗೆ ಮುನ್ನೂರು ಬಕೆಟ್ ಮೇಲೆ. ಬೆಂಗಳೂರಿನ ದರ 855 ರೂಪಾಯಿ 50 ಪೈಸೆ ಹಿಡಿದರೆ ಬಕೆಟ್ಟಿಗೆ ಮೂರು ರೂಪಾಯಿಯೊಳಗೆ.

ಕರೆಂಟಿನಲ್ಲಿ ಅದೇ ಬಕೆಟ್ಟಿಗೆ ಅರ್ಧ ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಇದೆಯಲ್ಲ ಅಂದರು ಇವರು. ಅದು 200 ಯೂನಿಟ್ ಎಲ್ಲರಿಗೂ ಅಲ್ಲ ಮಾರಾಯರೇ, ನಮ್ಮ ಹಳೇ ಸರಾಸರಿಯ ಮೇಲೆ ಶೇಕಡ ಹತ್ತು. ಅದರಾಚೆಯದಕ್ಕೆ ದುಡ್ಡು. ಯೂನಿಟ್ಟಿಗೆ ಆರು ರೂಪಾಯಿ ಅಂದರೆ ಗ್ಯಾಸಿಗೂ ಕರೆಂಟಿಗೂ ತಕ್ಕಡಿ ಸಮ. ಜೊತೆಗೆ ಬೆಳಗಿನ ವೋಲ್ಟೇಜು ನಂಬುವ ಹಾಗಿಲ್ಲ.

ಇನ್ನು ಸೋಲಾರ್. ಪಾವಗಡದ ತಿರುಮಣಿ ಸುತ್ತಲ ಸೋಲಾರ್ ಪಾರ್ಕಿಗೆ 2,050 ಮೆಗಾವಾಟ್ ಕೊಡುವ ಬಿಸಿಲು ನಮ್ಮ ಮಾಳಿಗೆಗೂ ಬೀಳುತ್ತದೆ. ಆದರೆ ನಾದಿನಿ ಮನೆಯ ಸೋಲಾರಿನ ಗಾಜಿನ ಕೊಳವೆಗಳಲ್ಲಿ ಇದೇ ಬಿಳಿ ಸುಣ್ಣ. ಈಗ ಅಷ್ಟು ದುಡ್ಡೂ ಇಲ್ಲ.

16 ನವೆಂಬರ್, ಭಾನುವಾರ

ಹಳದಿ ಉರಿಯ ಬಗ್ಗೆ ಇವರಿಗೆ ಕೂರಿಸಿಕೊಂಡು ಹೇಳಿದೆ. ಕಳೆದ ತಿಂಗಳು ಪಿರಿಯಾಪಟ್ಟಣದಲ್ಲಿ ಅಕ್ಕತಂಗಿ ಇಬ್ಬರು ಬಚ್ಚಲಲ್ಲಿ ಸತ್ತದ್ದು ಗೀಸರಿನಿಂದ ಎಂದು ಪೇಪರಿನಲ್ಲಿ ಓದಿದ್ದರು. 2023ರ ಜೂನಿನಲ್ಲಿ ಬೆಂಗಳೂರಿನ ಚಿಕ್ಕಜಾಲದ ಕಡೆ ಮದುವೆಯಾಗಬೇಕಿದ್ದ ಹುಡುಗ ಹುಡುಗಿ ಹೋದದ್ದೂ ಹೀಗೇ. "ಗ್ಯಾಸ್ ಲೀಕಾದರೆ ವಾಸನೆ ಬರುತ್ತಲ್ಲ" ಅಂದರು. ಎಲ್ಲರೂ ಅನ್ನುವುದು ಇದನ್ನೇ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಹೀಗೆ ಹಳದಿಯಾಗಿ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟುತ್ತದೆ. ತಲೆ ಸುತ್ತಿ ಚಿಲಕ ತೆಗೆಯುವ ಮುಂಚೆಯೇ ಕಾಲು ಸೋಲುತ್ತವೆ.

ನಮ್ಮ ಬಚ್ಚಲು ಐದಡಿಗೆ ಆರಡಿ. ಗೀಸರ್ ಇರುವುದು ಅದರೊಳಗೇ. ಗವಾಕ್ಷಿ ಇದೆ, ಚಳಿ ಬಂದರೆ ಅದನ್ನೂ ಮುಚ್ಚುತ್ತೇವೆ. ಐದಾರು ಸಾವಿರ ಕೊಟ್ಟು ಹೊಸದು ತಂದು ಅದೇ ಮೊಳೆಗೆ ನೇತುಹಾಕಿದರೆ ಏನು ಬದಲಾಯಿತು? ರಿಪೇರಿಯೋ ಹೊಸದೋ ಎಂದು ವಾರವೆಲ್ಲ ಜಗ್ಗಾಡಿದೆವು. ಮೊದಲು ಗೋಡೆ ಬದಲಾಗಬೇಕು.

17 ನವೆಂಬರ್, ಕಡೇ ಕಾರ್ತಿಕ ಸೋಮವಾರ

ಎಲ್ಲರಿಗೂ ತಲೆಸ್ನಾನ. ಅಟ್ಟದಿಂದ ಹಂಡೆ ಇಳಿಯಿತು. ಹಿತ್ತಲಲ್ಲಿ ಮೂರು ಕಲ್ಲು, ತೆಂಗಿನ ಮಟ್ಟೆ, ಕಡಲೆ ಸಿಪ್ಪೆ, ನಾಲ್ಕು ಜಾಲಿ ಕೊರಡು. ನೀರು ಹದವಾಗಿ ಕಾದಿತ್ತು, ಸುಳ್ಳು ಹೇಳಲಾರೆ. ಆದರೆ ಐದು ಗಂಟೆಗೆ ಎದ್ದು ಕಣ್ಣು ಕೆಂಪಾಗಿಸಿಕೊಂಡು ಊದಿದ್ದು ನಾನು. ಹಂಡೆ ನೀರಿನ ಸುಖ ಹೊಗಳುವ ಗಂಡಸರಲ್ಲಿ ಒಲೆ ಊದಿದವರನ್ನು ನಾನು ಕಂಡಿಲ್ಲ. ಅತ್ತೆಯೇ ಕೊನೆಗೆ, "ದಿನಾ ಆಗಕಿಲ್ಲ ಬಿಡವ್ವ, ನನಗೂ ಸೊಂಟ ಹೋಗಿತ್ತು ಇದ್ರಿಂದ" ಅಂದರು.

22 ನವೆಂಬರ್, ಶನಿವಾರ

ರಿಪೇರಿಯೇ ಆಯಿತು. ರಬ್ಬರ್ ಹೊಸದು, ಬರ್ನರ್ ಬಿಚ್ಚಿ ಉಜ್ಜಿದ. ಸುರುಳಿಗೆ ಹುಡುಗ ಆಸಿಡ್ ಬಾಟ್ಲಿ ತೆಗೆದ, ಬೇಡ ಅಂದೆ. ಅದು ಸುಣ್ಣದ ಜೊತೆ ತಾಮ್ರವನ್ನೂ ತಿನ್ನುತ್ತದೆ. ನಿಂಬೆ ಉಪ್ಪು ಕದಡಿದ ನೀರು ತುಂಬಿಸಿ ಬಿಟ್ಟೆವು. ನಿಧಾನ, ಆದರೆ ಸುರುಳಿ ಉಳಿಯಿತು. ಸಿಲಿಂಡರಿನ ಪೈಪಿಗೆ ಐದು ವರ್ಷದ ಆಯುಸ್ಸು ಮುಗಿದಿತ್ತು, ಅದನ್ನೂ ಬದಲಿಸಿದೆವು.

ಗೀಸರ್ ಈಗ ಹಿತ್ತಲ ಗೋಡೆಗೆ, ಮೇಲೆ ಶೀಟು, ಗಾಳಿಗೆ ಉರಿ ಆರದಂತೆ ಒಂದು ಮಗ್ಗುಲಿಗೆ ತಗಡು. ಉಳಿದ ಕಡೆ ತೆರವು. ಬಿಸಿನೀರಿನ ಪೈಪು ಮಾತ್ರ ಗೋಡೆ ತೂತಿನಿಂದ ಒಳಕ್ಕೆ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಕಟ್ಟೆಯ ಮೇಲೆ. ಗಾರೆಯವನ ಕೂಲಿ ಸೇರಿಸಿದರೂ ಹೊಸದರ ಅರ್ಧಕ್ಕಿಂತ ಕಮ್ಮಿ ಬಿತ್ತು. ಉರಿ ನೀಲಿಯಾಗಿದೆ.

ಸುರುಳಿ ಸೋರಿದ ದಿನ ಹೊಸದು ತರುವುದು. ಬೆಸುಗೆ ಹಾಕಿಸುವುದಿಲ್ಲ. ಎದುರು ಮನೆಯವರದು ಇನ್ನೂ ಬಚ್ಚಲೊಳಗೇ ಇದೆ, ಮನೆಯಲ್ಲಿ ಬಾಣಂತಿ ಬೇರೆ. ನಾಳೆ ಬೆಳಿಗ್ಗೆ ಹೋಗಿ ಹೇಳಬೇಕು.